ಸಾಕ್ಷಿಯ ಸಾಲು

ಗುದೈಬಿಯಾದ ಕೋಲ್ಡ್ ಸ್ಟೋರಿನ ಮೇಲ್ಮಹಡಿ.
ಗುರುವಾರ, ಇಶಾ ನಮಾಜು ಕಳೆದು ಅರ್ಧ ಗಂಟೆ.
ಕಿಟಕಿಯ ಏಸಿ ಬಕೆಟ್ಟಿಗೆ ಹನಿ ಎಣಿಸುತ್ತಿತ್ತು.
ನಾನು ತಾರೀಕು ಹಾಕಿ ಗೆರೆ ಎಳೆದೆ:
ವಿಷಯ ಒಂದು. ನಮ್ಮ ಸಂಜೆ ಕಾಲೇಜಿಗೆ
ಏಳು ಮಂದಿ ಟ್ರಸ್ಟಿಗಳ ನೇಮಕ.

ಇಷ್ಟು ದಿನ ಟ್ರಸ್ಟಿಗಳಿಲ್ಲದೆಯೇ ನಡೆದಿತ್ತು.
ಸಲ್ಮಾಬಾದಿನ ಬಸ್ಸು ಇಳಿಸಿ ಹೋದ ಹುಡುಗರು
ಸಿಮೆಂಟು ಮೆತ್ತಿದ ಬೂಟು ಮೆಟ್ಟಿಲಲ್ಲೇ ಬಿಟ್ಟು
ಬರಿಗಾಲಲ್ಲಿ ಬಂದು ಕೂತು
ಡೆಬಿಟ್ಟು ಯಾವ ಕಡೆ, ಕ್ರೆಡಿಟ್ಟು ಯಾವ ಕಡೆ ಎಂದು ಕಲಿತು
ಒಂಬತ್ತೂವರೆಗೆ ಕತ್ತಲಲ್ಲಿ ಬೂಟು ತಡಕಿ
ಒಮ್ಮೊಮ್ಮೆ ಒಬ್ಬರದ್ದು ಇನ್ನೊಬ್ಬರು ತೊಟ್ಟು
ಹೋಗುತ್ತಿದ್ದರು.
ಈಗ ಸರ್ಕಾರದ ಕಾಗದ ಬಂದಿದೆ:
ಹೊಣೆ ಯಾರದು? ಹೆಸರು ಕೊಡಿ.

ಶಾಬಂದರಿಯವರು ಕನ್ನಡಕ ಏರಿಸಿ ಉಪನಿಯಮ ಓದಿದರು.
ಪದವಿ ಇರಬೇಕು.
ಸಂಬಳ ಆರುನೂರು ದಿನಾರಿಗೆ ಕಡಿಮೆಯಾಗಬಾರದು.
ವೀಸಾಕ್ಕೆ ಇನ್ನೂ ಎರಡು ವರ್ಷ ಉಸಿರಿರಬೇಕು.
“ಇದನ್ನು ಬರೆದವರು ಯಾರು?” ಎಂದರು ಪ್ರೆಸಿಲ್ಲಾ ಮೊಂತೇರೊ,
ಆಸ್ಪತ್ರೆಯ ಸಮವಸ್ತ್ರದಲ್ಲೇ ಬಂದಿದ್ದವರು.
ಯಾರಿಗೂ ನೆನಪಿರಲಿಲ್ಲ.
ಕೈಬರಹ ನನ್ನದಿತ್ತು.
ನಾನೂ ನೆನಪಿಲ್ಲದವರ ಜೊತೆ ಸುಮ್ಮನಿದ್ದೆ.

ಮೊದಲ ಹೆಸರು ಕುರ್ಚಿ ಕೊಡಿಸಿದವರದು.
ಎರಡನೆಯದು ಕೊಡಿಸುತ್ತೇನೆಂದವರದು.
ನಾಲ್ಕಕ್ಕೆ ಬರುವಷ್ಟರಲ್ಲಿ ಮೇಜಿನ ಮೇಲೆ ತಾಲೂಕುಗಳು ಹರಡಿದ್ದವು:
ಭಟ್ಕಳಕ್ಕೆ ಎರಡು, ಉಳ್ಳಾಲಕ್ಕೆ ಒಂದಾದರೂ,
ಕುಂದಾಪುರದವರು ಯಾವತ್ತೂ ಕೊನೆಗೇ ಏಕೆ?
ಮೂವತ್ತು ಕಿಲೋ ಲಗೇಜಿನಲ್ಲಿ
ಈ ಗಡಿಕಲ್ಲುಗಳು ಹೇಗೆ ಹಿಡಿಸಿದವೋ.

ಆಗ ಇದಿನಬ್ಬ ಕರಕ್ ಚಹಾದ ಫ್ಲಾಸ್ಕು ಹಿಡಿದು ಬಂದ.
ಈ ಕೋಣೆ ಹುಡುಕಿದ್ದು ಅವನು.
ಮನೆಯ ಮಾಲೀಕನೊಡನೆ ಮುರುಕು ಅರಬಿಯಲ್ಲಿ ಚೌಕಾಸಿ ಮಾಡಿ
ಇಪ್ಪತ್ತು ದಿನಾರು ಇಳಿಸಿದ್ದು ಅವನು.
ದಿನಾ ಆರಕ್ಕೆ ಬೀಗ ತೆಗೆದು ಬೋರ್ಡು ಒರೆಸಿ
ಕೊನೆಯ ಬೆಂಚಲ್ಲಿ ತಾನೂ ಪುಸ್ತಕ ಬಿಚ್ಚುವವನು.
ಸಿಪಿಆರ್ ಕಾರ್ಡಿನಲ್ಲಿ ವೃತ್ತಿ: ಕ್ಲೀನರ್.

“ಏಳನೆಯದು ಇವರದ್ದಾಗಲಿ” ಎಂದರು ಪ್ರೆಸಿಲ್ಲಾ.
ಬಕೆಟ್ಟಿನಲ್ಲಿ ಐದಾರು ಹನಿ ಬಿದ್ದವು.
ಶಾಬಂದರಿ ಕೆಟ್ಟವರಲ್ಲ, ನಿಜವಾಗಿ ನೊಂದೇ ಹೇಳಿದರು:
“ಮನಸ್ಸುಂಟು ಮಾರಾಯ್ರೆ, ಕಾಲಂ ಇಲ್ಲ.”
ಇದಿನಬ್ಬ ಕಪ್ಪುಗಳಿಗೆ ಸುರಿಯುತ್ತಲೇ ಅಂದ:
“ನನ್ನದು ಬಿಡಿ. ನೀರಿನ ಬಿಲ್ಲು ಹದಿನೆಂಟಕ್ಕೆ ಕಟ್ಟಬೇಕು,
ಅದನ್ನು ಬರೆದುಕೊಳ್ಳಿ.”

ಏಳನೆಯದು ರಿಫಾದ ಒಬ್ಬರಿಗೆ ಹೋಯಿತು, ಫೋನಿನಲ್ಲಿ.
ಸ್ಪೀಕರಿನಿಂದ ಟ್ರಾಫಿಕ್ಕಿನ ಸದ್ದು, ಆಮೇಲೆ
“ಆಯ್ತಾಯ್ತು, ಹಾಕಿ. ಯಾವ ಕಾಲೇಜು?”
ಕೆಲವರು ನಕ್ಕರು. ಅನುಮೋದನೆ ಸರ್ವಾನುಮತ.

ಅರ್ಜಿಯ ತುದಿಯಲ್ಲಿ ಇನ್ನೊಂದು ಸಾಲು ಉಳಿದಿತ್ತು: ಸಾಕ್ಷಿ.
ಸಾಕ್ಷಿಗೆ ಪದವಿ ಬೇಡ, ಸಂಬಳದ ಮಿತಿಯಿಲ್ಲ.
ಕಂಡಿದ್ದರೆ ಸಾಕು.
ಎಲ್ಲರೂ ಒಟ್ಟಿಗೇ ಅವನ ಕಡೆ ನೋಡಿದರು,
ಹಗುರಾದವರ ಹಾಗೆ.

ಅಂಗಿಗೆ ಕೈ ಒರೆಸಿ ಪೆನ್ನು ಹಿಡಿದ. ಕೇಳಿದ:
“ಪಾಸ್‌ಪೋರ್ಟಿನ ಹೆಸರೋ, ನನ್ನ ಹೆಸರೋ?”
ಏಜೆಂಟನೊಬ್ಬ ಬೊಂಬಾಯಿಯಲ್ಲಿ ತಪ್ಪಾಗಿ ಟೈಪು ಮಾಡಿದ್ದ ಹೆಸರು
ಹತ್ತೊಂಬತ್ತು ವರ್ಷಗಳಿಂದ ಇವನ ಬದಲು ಸಂಬಳ ಪಡೆಯುತ್ತಿದೆ.
ನಾನು ಉಪನಿಯಮ ತಿರುವಿದೆ.
ಇದರ ಬಗ್ಗೆ ಏನೂ ಬರೆದಿರಲಿಲ್ಲ ನಾನು.
“ನಿಮ್ಮದು” ಎಂದೆ.

ನಿಧಾನ ಬರೆದ. ಕೊನೆಯ ಅಕ್ಷರದ ಒತ್ತು
ಉದ್ದಕ್ಕೆ ಬಾಲ ಬಿಟ್ಟು ಮೇಲಕ್ಕೆ ತಿರುಗಿ
ರಿಫಾದವರ ಖಾಲಿ ಚೌಕದೊಳಗೆ ಕಾಲಿಟ್ಟಿತು.
ವೈಟ್ನರ್ ನನ್ನ ಚೀಲದಲ್ಲೇ ಇತ್ತು.

ಅವರೆಲ್ಲ ಇಳಿದು ಹೋದರು. ಅವನು ಬಕೆಟ್ಟು ಖಾಲಿ ಮಾಡಲು
ಬಚ್ಚಲಿಗೆ ಹೋದಾಗ ನಾನು ಹೊಸ ಗೆರೆ ಎಳೆದೆ:
ವಿಷಯ ಎರಡು. ನೀರಿನ ಬಿಲ್ಲು,
ಹದಿನೆಂಟರೊಳಗೆ.